ಬೀರಿಗೆ ಬಿಟ್ಟ ರೊಟ್ಟಿ

ನಮ್ಮ ಗಿರಿಜಾ ಚಿಗವ್ವ ಶನಿವಾರ ಉಪವಾಸ ಮಾಡುತ್ತಾಳೆ ಎಂದು ಕೊಪ್ಪಳದ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹನುಮಪ್ಪನ ಮೇಲೆ ಆಕೆಗೆ ಅಷ್ಟು ಭಕ್ತಿಯಂತೆ. ಅತ್ತೆಯ ಕಾಲಿನ ಹುಣ್ಣು ಒಣಗಲಿ ಎಂದು ಹಿಡಿದ ಶನಿವಾರವಂತೆ. ಹುಣ್ಣು ಒಣಗಿದ ಮೇಲೂ ಬಿಡಲಿಲ್ಲವಂತೆ. "ಈಗಿನ ಕಾಲದಾಗ ಇಂಥಾ ಸೊಸಿ ಎಲ್ಲಿ ಸಿಗ್ತಾಳ್ರಿ?" ಎಂದು ಎದುರು ಮನೆಯ ಬಸಮ್ಮ ಹೇಳುವಾಗ, ಅವಳ ಸ್ವಂತ ಸೊಸೆ ಅಂಗಳದಲ್ಲಿ ಬಟ್ಟೆ ಹಿಂಡುವ ರೀತಿಯನ್ನು ನೀವು ನೋಡಬೇಕು.

ನಾನು ಈ ಕಥೆಯನ್ನು ಒಪ್ಪುವುದಿಲ್ಲ. ಒಪ್ಪದಿರುವುದು ನನಗೆ ಹೈಸ್ಕೂಲಿನಿಂದ ಹತ್ತಿದ ಚಟ. ನನ್ನ ಮೊದಲ ಆಕ್ಷೇಪ ಸರಳವಾದದ್ದು. ಚಿಗವ್ವನ ಉಪವಾಸ ಬರುವುದು ತಿಂಗಳಿನ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ. ಒಂದನೇ ಶನಿವಾರ ಆಕೆ ಎಲ್ಲರಂತೆ ರೊಟ್ಟಿ ತಿನ್ನುತ್ತಾಳೆ, ಮೂರನೇ ಶನಿವಾರವೂ ತಿನ್ನುತ್ತಾಳೆ. ಸರಕಾರಿ ನೌಕರರಿಗೆ ರಜೆ ಇರುವುದೂ ಎರಡನೇ ಮತ್ತು ನಾಲ್ಕನೇ ಶನಿವಾರವೇ. ಹನುಮಪ್ಪನಿಗೆ ಸರಕಾರದ ರಜಾ ಪಟ್ಟಿ ಕಳಿಸಿದವರು ಯಾರು? ಇದನ್ನು ಬಸಮ್ಮನ ಮುಂದೆ ಇಟ್ಟಾಗ ಅವಳು ಒಂದು ಕ್ಷಣವೂ ತಡವರಿಸಲಿಲ್ಲ.

"ಉಳಿದ ಶನಿವಾರ ಆಕಿ ಯಲಬುರ್ಗಾಕ್ಕ ಬಸ್ಸಿನ್ಯಾಗ ನಿಂತ್ಕೊಂಡು ಹೋಗ್ಬೇಕಲ್ಲವ್ವಾ. ಉಪಾಸ ಮಾಡಿದ್ರ ಚಕ್ಕರ್ ಬಂದು ಬೀಳ್ತಾಳ. ಅಷ್ಟು ದೇವ್ರಿಗೂ ತಿಳೀತೈತಿ."

ಇಂಥ ಎದುರಾಳಿ ಸಿಕ್ಕರೆ ಕಾಲೇಜಿನ ಚರ್ಚಾಸ್ಪರ್ಧೆಯ ತೀರ್ಪುಗಾರರು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟುತ್ತಾರೆ. ನಾನೂ ಮನಸ್ಸಿನಲ್ಲೇ ಅವಳಿಗೆ ಅಂಕ ಕೊಟ್ಟು ಸುಮ್ಮನಾದೆ. ಸುಮ್ಮನಾಗಲು ಇನ್ನೊಂದು ಕಾರಣವಿತ್ತು. ನಿಜ ನನಗೆ ಗೊತ್ತಿತ್ತು. ನಮ್ಮ ಗಿರಿಜಾ ಚಿಗವ್ವ ಆ ಎರಡು ಶನಿವಾರ ಮುನಿರಾಬಾದಿನ ತನ್ನ ಗೆಳತಿಯ ಮನೆಗೆ ಹೋಗಿ ಎರಡು ಸಣ್ಣ ಬಾಟಲಿ ಬೀರು ಕುಡಿಯುತ್ತಾಳೆ. ಕುಡಿದದ್ದಕ್ಕೆ ಸರಿಯಾಗಿ ರಾತ್ರಿ ಎರಡು ರೊಟ್ಟಿ ಬಿಡುತ್ತಾಳೆ. ಉಪವಾಸವೂ ಅಲ್ಲ, ಭಕ್ತಿಯೂ ಅಲ್ಲ. ಬರೀ ಕ್ಯಾಲೊರಿಯ ಲೆಕ್ಕ.

ಇದನ್ನು ಇಲ್ಲಿ ಬರೆಯಲು ಚಿಗವ್ವ ಒಪ್ಪಿದ್ದಾಳೆ. ಬಸಮ್ಮನ ಭಯ ಇಬ್ಬರಿಗೂ ಇಲ್ಲ. ಅವಳ ಮನೆಯಲ್ಲಿ ಅಚ್ಚಾದ ಕಾಗದದ ಉಪಯೋಗ ಒಂದೇ, ಮೇಲೆ ಮೆಣಸಿನಕಾಯಿ ಹರವಿ ಒಣಗಿಸುವುದು.

ಚಿಗವ್ವ ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ನಾವೆಲ್ಲ ಒಂದೇ ಮನೆಯಲ್ಲಿ ಇರುವವರು. ಆಕೆಗೆ ಯಲಬುರ್ಗಾದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ. ದಿನಾಲೂ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ತವರು ಗಂಗಾವತಿ. ಗಂಗಾವತಿಯವರು ಕಾಲುವೆ ನೀರಿನ ಮಂದಿ, ಭತ್ತದ ಮಂದಿ, ಮೂರು ಹೊತ್ತೂ ಅನ್ನ ಉಣ್ಣಬಲ್ಲವರು. ನಮ್ಮ ಅಜ್ಜಿ ಯಲಬುರ್ಗಾದ ಕಡೆಯ ಎರೆಹೊಲದಲ್ಲಿ ಬೆಳೆದವಳು, ಬಿಳಿಜೋಳದ ಹೊರತು ಬೇರೆ ಧಾನ್ಯಕ್ಕೆ ಮರ್ಯಾದೆ ಕೊಟ್ಟವಳಲ್ಲ. ಚಿಗವ್ವ ಮದುವೆಯಾಗಿ ಬಂದ ವಾರದಲ್ಲೇ ಅಜ್ಜಿ ತೀರ್ಪು ಕೊಟ್ಟಿದ್ದಳಂತೆ: "ಅನ್ನದ ಮೈ ಅದು, ನೀರು ಕುಡದ ಗ್ವಾಡಿ ಇದ್ದಂಗ. ಉಬ್ಬತೈತಿ." ಇಪ್ಪತ್ತು ವರ್ಷದ ನಂತರ ಅದು ನಿಜವಾಯಿತು. ಬಸ್ಸಿನ ಮೆಟ್ಟಿಲು ಹತ್ತುವಾಗ ಚಿಗವ್ವನ ಮೊಣಕಾಲು ಕಟಕ್ಕೆನ್ನತೊಡಗಿತು. ಡಾಕ್ಟರು ಹತ್ತು ಕೆಜಿ ಇಳಿಸಬೇಕೆಂದರು. ಸಕ್ಕರೆ ಬೇಡ, ಎಣ್ಣೆ ಬೇಡ, ಅನ್ನ ಬೇಡ, ಕರಿದದ್ದು ಬೇಡ ಎಂದು ಚೀಟಿಯ ಹಿಂದೆ ಬರೆದುಕೊಟ್ಟರು.

"ಬೀರಿನ ಬಗ್ಗೆ ಏನಂದ್ರು?" ಎಂದು ನಾನು ಆಮೇಲೆ ಕೇಳಿದ್ದೆ.

"ಅವರು ಕೇಳಲಿಲ್ಲ, ನಾ ಹೇಳಲಿಲ್ಲ."

ಕೇಳುವುದಾದರೂ ಹೇಗೆ? ಅದೇ ಡಾಕ್ಟರು ನಮ್ಮ ಚಿಗಪ್ಪನನ್ನು ನೋಡಿದ ಮೊದಲ ನಿಮಿಷದಲ್ಲೇ "ತಗೋತೀರೇನು?" ಎಂದು ಕೇಳಿದ್ದರು. ಸೀರೆ ಉಟ್ಟು, ಕುಂಕುಮ ಇಟ್ಟು, ಎದುರಿಗೆ ಕುಳಿತ ನಲವತ್ತಾರರ ಹೆಣ್ಣುಮಗಳನ್ನು ಆ ಪ್ರಶ್ನೆ ಕೇಳುವ ಧೈರ್ಯ ವೈದ್ಯಶಾಸ್ತ್ರಕ್ಕೆ ಇನ್ನೂ ಬಂದಿಲ್ಲ. ಚಿಗಪ್ಪ ಗೆಳೆಯರ ಜೊತೆ ಕುಡಿದ ದಿನ ಎಷ್ಟು ರೊಟ್ಟಿ ಬಿಟ್ಟ ಎಂದು ಯಾರೂ ಕೇಳಿದವರಿಲ್ಲ. ಅವನು ಬಿಟ್ಟವನೂ ಅಲ್ಲ, ಅಂದು ಎರಡು ಹೆಚ್ಚೇ ಇಳಿಯುತ್ತಿದ್ದವು. ಹೆಂಡತಿಯ ಶನಿವಾರಗಳ ಬಗ್ಗೆ ಅವನಿಗೆ ಎಲ್ಲ ಗೊತ್ತು. "ನನಗೇನೂ ಗೊತ್ತಿಲ್ಲ ಅಂತ ತಿಳ್ಕೊಳ್ರಿ" ಎಂಬುದು ಅವನ ಅಧಿಕೃತ ಹೇಳಿಕೆ.

ತಿಂದದ್ದನ್ನು ಬರೆದರೆ ಕ್ಯಾಲೊರಿ ಹೇಳುವ ಒಂದು ಆ್ಯಪನ್ನು ಚಿಗವ್ವನ ಮೊಬೈಲಿಗೆ ಹಾಕಿಕೊಟ್ಟವಳು ನಾನೇ. ಅದಕ್ಕೆ ಲೋಕದ ನಾನಾ ದೇಶದ ಬ್ರೆಡ್ಡುಗಳೆಲ್ಲ ಗೊತ್ತಿದ್ದವು. ನಮ್ಮಜ್ಜಿ ಬಡಿಯುವ ಜೋಳದ ರೊಟ್ಟಿ ಗೊತ್ತಿರಲಿಲ್ಲ. ಅಜ್ಜಿಯ ರೊಟ್ಟಿ ಎಂದರೆ ಹೋಟೆಲಿನವರ ಅಂಗೈಯಗಲದ್ದಲ್ಲ. ತಾಟಿನಿಂದ ನಾಲ್ಕೂ ಕಡೆ ಹೊರಗೆ ಇಣುಕುವಂಥದ್ದು. ಹಾಗಾಗಿ ಹೊಸಪೇಟೆಯಿಂದ ಒಂದು ಪುಟ್ಟ ತಕ್ಕಡಿ ತಂದೆವು, ಗುಂಡಿ ಒತ್ತಿದರೆ ಅಂಕಿ ಬೆಳಗುವಂಥದ್ದು. ಅಜ್ಜಿ ಅದನ್ನು ನೋಡಿ, "ಬಂಗಾರ ತೂಗಾಕ ತಂದೀರೇನು?" ಎಂದಳು. ರೊಟ್ಟಿ ತೂಗಲು ಎಂದಾಗ ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿ ದೇವರ ಕೋಣೆಗೆ ಹೋದಳು.

ಇಲ್ಲೇ ಚಿಗವ್ವ ಒಂದು ತಪ್ಪು ಮಾಡಿದಳು. ರೊಟ್ಟಿ ತಿನ್ನುವ ಸೀಮೆಯವರಲ್ಲದೆ ಬೇರೆ ಯಾರೂ ಮಾಡಲಾಗದ ತಪ್ಪು. ಬಿಸಿ ರೊಟ್ಟಿಯನ್ನೂ ತೂಗಿದಳು, ಒಣಗಿಸಿದ ಖಡಕ್ ರೊಟ್ಟಿಯನ್ನೂ ತೂಗಿದಳು. ಖಡಕ್ ರೊಟ್ಟಿ ಎಷ್ಟೋ ಹಗುರ! ಅಂದಿನಿಂದ ಬಿಸಿ ರೊಟ್ಟಿಯನ್ನು ಮುಟ್ಟಲೇ ಇಲ್ಲ. ಎರಡು ಬಿಸಿ ರೊಟ್ಟಿಯ ತೂಕಕ್ಕೆ ಮೂರು ಖಡಕ್ ರೊಟ್ಟಿ ಬರುತ್ತವೆ ಎಂದು ಕಟಕಟ ಮುರಿದು ಮೂರು ತಿಂದಳು. ಎರಡು ತಿಂಗಳಾದರೂ ಒಂದು ಕೆಜಿಯೂ ಇಳಿಯಲಿಲ್ಲ. ಬದಲಿಗೆ ರವಿಕೆ ಬಿಗಿಯಾಯಿತು. ಆಕೆ ಸೀದಾ ಬೀರನ್ನು ಸಂಶಯಿಸಿದಳು. ನಾನು ರೊಟ್ಟಿಯನ್ನು ಸಂಶಯಿಸಿದೆ.

"ಒಣಗಿದಾಗ ನೀರು ಹೋಗ್ತದ ಚಿಗವ್ವ, ಹಿಟ್ಟು ಎಲ್ಲಿ ಹೋಗ್ತದ?"

"ಒಣಗಿದ ಬಟ್ಟಿ ಹಗರ ಆಗೂದಿಲ್ಲೇನು?"

"ಆಗ್ತದ. ಅದಕ್ಕಂತ ಮೂರು ಸೀರಿ ಉಟ್ಕೋತೀಯೇನು?"

ಚಿಗವ್ವ ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನು ತಾಟಿನಲ್ಲಿಟ್ಟಳು. "ಎರಡು ತಿಂಗಳು ನನ್ನ ಮುಂದ ಕುಂತು ಉಂಡಿ. ಆವಾಗೇನು ಬಾಯಾಗ ಕಡಬು ಇಟ್ಕೊಂಡಿದ್ದೇನು?" ಎಂದಳು.

ಅಂದಿನಿಂದ ತೂಕ ಹೋಯಿತು, ರೊಟ್ಟಿಯೇ ಅಳತೆಯಾಯಿತು. ಒಂದು ದೊಡ್ಡ ಬಾಳೆಹಣ್ಣು ಅಂದರೆ ರೊಟ್ಟಿಗೆ ಸ್ವಲ್ಪ ಕಡಿಮೆ. ಕಚೇರಿಯಲ್ಲಿ ಯಾರದೋ ಬಡ್ತಿಗೆ ಹಂಚಿದ ಲಾಡು, ಒಂದೂವರೆ ರೊಟ್ಟಿ. ಸಣ್ಣ ಬಾಟಲಿ ಬೀರು, ಒಂದು ರೊಟ್ಟಿ ಮತ್ತು ಒಂದು ತುಣುಕು. ಆ ತುಣುಕು ಮುನಿರಾಬಾದಿನ ಬಸ್ ನಿಲ್ದಾಣದಿಂದ ಗೆಳತಿಯ ಮನೆಯವರೆಗಿನ ನಡಿಗೆಯಲ್ಲಿ ಕರಗುತ್ತದೆ ಎಂದು ಆಕೆಯ ವಾದ. ನಾನು ಈ ವಾದವನ್ನು ಪರೀಕ್ಷಿಸಲು ಹೋಗಲಿಲ್ಲ. ಕೆಲವು ನಂಬಿಕೆಗಳನ್ನು ಮನುಷ್ಯರ ಪಾಡಿಗೆ ಬಿಟ್ಟುಬಿಡಬೇಕು.

ನಾನು ಮುನಿರಾಬಾದಿನ ಆ ಮನೆಗೆ ಮೊದಲ ಸಲ ಹೋದದ್ದು ತನಿಖೆಗೆಂದೇ. ಆ ಗೆಳತಿ ವಿಮಲಕ್ಕ ನೀರಾವರಿ ಕಚೇರಿಯಲ್ಲಿ ಕೆಲಸ ಮಾಡುವವಳು, ಕಾಲೊನಿಯ ಹಳೇ ಕ್ವಾರ್ಟರ್ಸಿನಲ್ಲಿ ಇರುವವಳು. ಹಿತ್ತಲಲ್ಲಿ ದೊಡ್ಡ ಬೇವಿನ ಗಿಡ, ಕೆಳಗೆ ಮೂರು ಪ್ಲಾಸ್ಟಿಕ್ ಕುರ್ಚಿ. ಮೂರನೆಯ ಕುರ್ಚಿ ಕುಷ್ಟಗಿಯಿಂದ ಬರುವ ಸುಜಾತಾ ಟೀಚರದ್ದು. ಬೀರು ತರುವವರು ವಿಮಲಕ್ಕನ ಗಂಡ. ಆ ಪುಣ್ಯಾತ್ಮ ಚಹಾ ಸಹ ಕುಡಿಯುವುದಿಲ್ಲ. ಹೊಳೆ ದಾಟಿ ಹೊಸಪೇಟೆಗೆ ಹೋಗಿ, ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು, ಸಂತೆಯ ಚೀಲದಲ್ಲಿ ಮೆಂತೆ ಸೊಪ್ಪಿನ ಕೆಳಗೆ ಇಟ್ಟುಕೊಂಡು ಬರುತ್ತಾರೆ. ಇಡೀ ಕಾಲೊನಿಯಲ್ಲಿ ಅವರಿಗೆ ಕುಡುಕ ಎಂದು ಹೆಸರಾಗಿದೆ. ಅವರ ಮೇಲಧಿಕಾರಿ ಒಮ್ಮೆ ಕರೆದು ಬುದ್ಧಿಯನ್ನೂ ಹೇಳಿದ್ದಾರೆ. ಅವರು ತಲೆ ತಗ್ಗಿಸಿ, "ಕಡಿಮಿ ಮಾಡ್ತೇನ್ರಿ ಸಾಹೇಬ್ರ" ಎಂದು ಬಂದರಂತೆ. ಹೆಂಡತಿಯ ಮೇಲಿನ ಪ್ರೀತಿಗೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ನಾನು ಕಂಡಿಲ್ಲ.

ಇಂಥ ಕಡೆ ಮಂಡಕ್ಕಿ ಮಿರ್ಚಿ ಇರುತ್ತದೆ ಎಂದು ನಾನು ಆಸೆಯಿಂದ ಹೋಗಿದ್ದೆ. ತಟ್ಟೆಯಲ್ಲಿ ಸೌತೆಕಾಯಿ, ಗಜ್ಜರಿ, ಮೊಳಕೆ ಬಂದ ಹೆಸರುಕಾಳು ಇದ್ದವು.

"ಇದೇನ್ರಿ ವಿಮಲಕ್ಕ, ಬಾರೋ ಆಸ್ಪತ್ರಿಯೋ?"

"ಮಿರ್ಚಿಗೆ ಎರಡು ರೊಟ್ಟಿ ಹೋಗ್ತಾವಲೇ ವಕೀಲಮ್ಮ. ಬೀರ್ ಬೇಕೋ ಮಿರ್ಚಿ ಬೇಕೋ, ಒಂದು ಆರಿಸ್ಕೋ ಅಂತ ದೇವರು ಬರದಾನ."

"ಎರಡೂ ಬೇಕಂದ್ರ?"

"ಮುಂದಿನ ಜನ್ಮಕ್ಕ ಗಂಡಸಾಗಿ ಹುಟ್ಟು" ಎಂದು ಸುಜಾತಾ ಟೀಚರು ಸೌತೆಕಾಯಿ ಕಚ್ಚಿದರು.

ನನಗೆ ಆಗ ಇಪ್ಪತ್ತಮೂರು. ಆದರೂ ಮೊದಲ ದಿನ ಮಜ್ಜಿಗೆಯನ್ನೇ ಕೊಟ್ಟರು. ಹಠ ಮಾಡಿ ಚಿಗವ್ವನ ಲೋಟದಿಂದ ಒಂದು ಗುಟುಕು ಕುಡಿದೆ. ಬೇವಿನ ಸೊಪ್ಪು ತೊಳೆದ ನೀರಿನಂತಿತ್ತು. ಇದಕ್ಕಾಗಿ ಅಜ್ಜಿಯ ರೊಟ್ಟಿ ಬಿಡುವುದೇ ಎಂದು ನನಗೆ ಅನಿಸಿತು. ಆಮೇಲೆ ಚಿಗವ್ವನನ್ನು ನೋಡಿದೆ. ಆಕೆ ನೊರೆ ಇಳಿಯುವವರೆಗೆ ಕಾದು, ಮೊದಲ ಗುಟುಕು ನುಂಗಿ, ಕಣ್ಣು ಮುಚ್ಚಿ, ಎದುರಿನ ಬೇವಿನ ಬೇರಿನ ಮೇಲೆ ಎರಡೂ ಕಾಲು ಚಾಚಿದಳು. ನನಗೆ ಬುದ್ಧಿ ಬಂದಾಗಿನಿಂದ ಆಕೆಯ ಜೊತೆ ಒಂದೇ ಮನೆಯಲ್ಲಿದ್ದೇನೆ. ಚಿಗವ್ವ ಕಾಲು ಚಾಚಿ ಕುಳಿತದ್ದನ್ನು ಅಂದಿನವರೆಗೆ ನೋಡಿರಲಿಲ್ಲ. ಆ ಮೂವರೂ ಎರಡು ತಾಸು ವರ್ಗಾವಣೆ, ನಾದಿನಿ, ದರ್ಜಿ, ಮಂಡಿನೋವು ಎಂದು ಮಾತಾಡಿ, ನಕ್ಕು, ಮತ್ತೆ ಮಾತಾಡಿದರು. ನಾನು ತನಿಖೆ ಕೈಬಿಟ್ಟೆ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಹತ್ತನೇ ತರಗತಿಯಲ್ಲಿದ್ದಾಗ ಕುಷ್ಟಗಿಯ ಚರ್ಚಾಸ್ಪರ್ಧೆಯೊಂದರಲ್ಲಿ ಮದ್ಯಪಾನವನ್ನು ನಿಷೇಧಿಸಬೇಕು ಎಂದು ಮಾತಾಡಿ, ಮುಂದಿನ ಸಾಲಿನ ಹೆಂಗಸರ ಕಣ್ಣಲ್ಲಿ ನೀರು ತರಿಸಿ, ಒಂದು ಸ್ಟೀಲ್ ಡಬರಿ ಗೆದ್ದಿದ್ದೆ. ಮರುವರ್ಷ ಗಂಗಾವತಿಯಲ್ಲಿ ನಿಷೇಧಿಸಬಾರದು ಎಂದು ಮಾತಾಡಿ ಅದಕ್ಕೆ ಹೊಂದುವ ಮುಚ್ಚಳ ಗೆದ್ದೆ. ಅಂದರೆ ಮೂರು ಸೆಕೆಂಡಿನಲ್ಲಿ ಯಾವ ಪಕ್ಷಕ್ಕಾದರೂ ಒಂದು ಕಾರಣ ಹುಟ್ಟಿಸುವುದು ನನಗೆ ಕಲಿಸಿದ ವಿದ್ಯೆ. ಆ ಕಾರಣ ಆಮೇಲೆ ಎಲ್ಲಿ ಹೋಗಿ ಏನು ಮಾಡುತ್ತದೆ ಎಂದು ಯಾರೂ ಕಲಿಸಲಿಲ್ಲ.

ನಮ್ಮ ಕಡೆ ಹೆಣ್ಣುಮಗಳು ರೊಟ್ಟಿ ಬಿಟ್ಟರೆ ಮೂರೇ ಅರ್ಥ. ಸಿಟ್ಟು ಬಂದಿದೆ, ಬಸುರಾಗಿದ್ದಾಳೆ, ಇಲ್ಲವೇ ಹರಕೆ ಹೊತ್ತು ದೇವರಿಗೆ ನಡೆದುಕೊಂಡಿದ್ದಾಳೆ. ಒಂದು ಭಾನುವಾರ ಬೆಳಿಗ್ಗೆ ಅಜ್ಜಿ ರೊಟ್ಟಿ ಬುಟ್ಟಿಯ ಬಟ್ಟೆ ಸರಿಸಿ, "ನಿನ್ನೀನೂ ಗಿರಿಜಾನ ಎರಡು ರೊಟ್ಟಿ ಹಂಗ ಅದಾವ. ನನ್ನ ಮ್ಯಾಲೆ ಸಿಟ್ಟೇನು ಆಕಿಗೆ?" ಎಂದು ನನ್ನನ್ನು ಕೇಳಿದಳು. ದನಿ ಸಣ್ಣಗಾಗಿತ್ತು. ಆಗ ಅಜ್ಜಿಗೆ ಸಕ್ಕರೆ ಕಾಯಿಲೆಯಿಂದ ಕಾಲ್ಬೆರಳಿಗೆ ಹುಣ್ಣಾಗಿತ್ತು. ಸೊಸೆಗೆ ತಾನು ಭಾರವಾದೆನೇನೋ ಎಂಬ ಅಳುಕೂ ಇತ್ತು.

ಮೂರು ಸೆಕೆಂಡು. "ಸಿಟ್ಟಲ್ಲ ಅಜ್ಜಿ. ಶನಿವಾರ ಹಿಡದಾಳ" ಎಂದೆ.

"ಯಾರ ಸಲುವಾಗಿ?"

"ಮತ್ಯಾರ ಸಲುವಾಗಿ? ನಿನ್ನ ಕಾಲಿನ ಸಲುವಾಗಿ."

ಅಜ್ಜಿ ಬುಟ್ಟಿಯ ಮೇಲೆ ಬಟ್ಟೆ ಎಳೆದು, ಅದರ ಅಂಚನ್ನು ಎರಡೆರಡು ಸಲ ಸರಿ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಬಸಮ್ಮನಿಗೆ ಗೊತ್ತಾಗಿತ್ತು. ಅಂದರೆ ನಾನು ಒಪ್ಪದ ಆ ಕಥೆಯ ಕರ್ತೃ ನಾನೇ. ಇದನ್ನು ಮೊದಲೇ ಹೇಳಬೇಕಿತ್ತು. ಆದರೆ ಮೊದಲೇ ಹೇಳಿದ್ದರೆ ನನ್ನ ಆಕ್ಷೇಪಗಳನ್ನು ನೀವು ಅಷ್ಟು ಗಂಭೀರವಾಗಿ ಕೇಳುತ್ತಿದ್ದಿರಾ?

ಹುಣ್ಣು ಮೂರು ತಿಂಗಳಲ್ಲಿ ಒಣಗಿತು. ಔಷಧ ಹಾಕಿ, ದಿನಾಲೂ ಪಟ್ಟಿ ಬದಲಿಸಿದವಳು ಚಿಗವ್ವ; ಪುಣ್ಯ ಹನುಮಪ್ಪನ ಪಾಲಾಯಿತು. ಅದಾಗಿ ಸ್ವಲ್ಪ ದಿನಕ್ಕೆ, ಒಂದು ಎರಡನೇ ಶನಿವಾರ, ಮಧ್ಯಾಹ್ನ ಮೂರರ ಸುಮಾರಿಗೆ ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅಜ್ಜಿ ಗೋಡೆಗೆ ಒರಗಿ ಕುಳಿತಿದ್ದಳು. ಮೈಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿತ್ತು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದ್ದಳು, ಹೊಟ್ಟೆಗೆ ಏನೂ ಹಾಕಿರಲಿಲ್ಲ. ನಾನು ನೀರಿಗೆ ಸಕ್ಕರೆ ಕಲಸಿ ಬಾಯಿಗೆ ಹಿಡಿದರೆ ಮುಖ ತಿರುಗಿಸಿದಳು.

"ಬ್ಯಾಡ. ಉಪಾಸ ಮುರೀತೈತಿ."

"ಯಾರ ಉಪಾಸ?"

"ನಂದು. ಆಕಿ ನನ್ನ ಕಾಲಿಗೆ ಹಿಡದ್ಲು. ನಾ ಆಕಿ ಮೊಣಕಾಲಿಗೆ ಹಿಡದೇನಿ. ಇದು ಮೂರನೇದು."

ಹೇಗೋ ಕುಡಿಸಿದೆ. ಅರ್ಧ ತಾಸಿಗೆ ನಡುಕ ನಿಂತಿತು. ಊಟಕ್ಕೆ ಮಾತ್ರ ಒಪ್ಪಲಿಲ್ಲ. "ಹೊತ್ತು ಮುಳುಗಿದ ಮ್ಯಾಲೆ" ಎಂದಳು. ಮುಂದಿನ ಸಲ ಮಾಡಬೇಡ ಎಂದರೆ, "ಮಾಡಾಕಿನ. ಸೊಸಿ ಮಾಡ್ತಾಳ, ನಾ ಸಾಯ್ತೇನೇನು?" ಎಂದಳು. ಡಾಕ್ಟರ ಹೆಸರು ಹೇಳಿದೆ, ದೇವರ ಹೆಸರು ಹೇಳಿದೆ, ಸ್ಟೀಲ್ ಡಬರಿ ಗೆದ್ದ ದನಿಯಲ್ಲೂ ಹೇಳಿದೆ. ಅಜ್ಜಿ ಅಲ್ಲಾಡಲಿಲ್ಲ. ಕೊನೆಗೆ ಮುನಿರಾಬಾದಿಗೆ ಫೋನು ಮಾಡಿದೆ.

ಚಿಗವ್ವ ಅರ್ಧ ಬಾಟಲಿಗೆ ಬಿಟ್ಟೆದ್ದು, ಸಿಕ್ಕ ಬಸ್ಸು ಹತ್ತಿ, ಹಿಟ್ನಾಳದ ಹತ್ತಿರ ಬಸ್ಸು ನಿಂತಾಗ ಮತ್ತೊಮ್ಮೆ ಫೋನು ಮಾಡಿ, "ಉಸಿರಾಡ್ತಾರಲ್ಲ? ಖರೇ ಹೇಳು" ಎಂದು ಕೇಳಿ, ಒಂದು ತಾಸಿನಲ್ಲಿ ಮನೆಗೆ ಬಂದಳು. ಅಂಗಳದಲ್ಲೇ ತಡೆದು ಎಲ್ಲ ಹೇಳಿದೆ. ನಿಜ ಹೇಳದಿದ್ದರೆ ಅಜ್ಜಿ ನಿಲ್ಲಿಸುವುದಿಲ್ಲ; ಹೇಳಿದರೆ ಚಿಗವ್ವನ ಶನಿವಾರಗಳು ಉಳಿಯುವುದಿಲ್ಲ. ನಾನು ದಾರಿ ಹುಡುಕಿಟ್ಟಿದ್ದೆ.

"ಮೂರು ಪಾಯಿಂಟ್ ಅದಾವ ಚಿಗವ್ವ. ಮೊದಲನೇದು..."

"ನಿನ್ನ ಪಾಯಿಂಟಿಗೇ ಇಲ್ಲಿತನಕ ಬಂದೈತಿ. ಬಾಯಿ ಮುಚ್ಚು" ಎಂದು ಆಕೆ ಚಪ್ಪಲಿ ಬಿಟ್ಟು ಒಳಗೆ ನಡೆದಳು.

ಅಜ್ಜಿಯ ಎದುರು ನೆಲದ ಮೇಲೆ ಕುಳಿತು, ಆ ಕೆಟ್ಟ ಮೊಣಕಾಲನ್ನು ಕೈಯಿಂದ ಹಿಡಿದುಕೊಂಡೇ, ಒಂದೇ ಉಸಿರಿಗೆ ಹೇಳಿದಳು. "ಅತ್ತೀ, ನಂದು ಉಪಾಸ ಅಲ್ರಿ. ನಾ ವಿಮಲಾನ ಮನ್ಯಾಗ ಬೀರ್ ಕುಡೀತೇನ್ರಿ. ಎರಡು ಬಾಟ್ಲಿ. ಸಣ್ಣವು."

ಅಜ್ಜಿ ಸೊಸೆಯ ಮುಖವನ್ನು ನೋಡಿ, ಸ್ವಲ್ಪ ಮುಂದೆ ಬಾಗಿ ಮೂಗನ್ನೂ ಉಪಯೋಗಿಸಿದಳು.

"ಕುಡದ್ರ ಕುಡದಿ. ರೊಟ್ಟಿ ಯಾಕ ಬಿಟ್ಟಿ?"

"ದಪ್ಪ ಆಗ್ತೇನಿ ಅಂತ್ರಿ. ಒಂದು ಬಾಟ್ಲಿ ಅಂದ್ರ ಒಂದು ರೊಟ್ಟಿಗೆ ಸಮಾ ಆಗ್ತೈತ್ರಿ. ಅದನ್ನ ಕುಡದ್ರ ಇದನ್ನ ಬಿಡಬೇಕ್ರಿ."

ಅಜ್ಜಿಗೆ ಸಿಟ್ಟು ಬಂದದ್ದು ಆಗ. "ನನ್ನ ರೊಟ್ಟಿ ಬಾಟ್ಲಿಗೆ ಸಮಾ? ಹೊತ್ತು ಮೂಡೂದ್ರಾಗ ಎದ್ದು ಒಲಿ ಮುಂದ ಕುಂತು ಬಡದ ರೊಟ್ಟಿ! ಯಾವ ಹುಚ್ಚ ಹೇಳ್ಯಾನ ನಿನಗ?"

ಚಿಗವ್ವ ನನ್ನ ಕಡೆ ನೋಡಿದಳು. ನಾನು ಗೋಡೆಯ ಗಡಿಯಾರದ ಕಡೆ ನೋಡಿದೆ.

"ಇನ್ನ ಕುಡಿಯೂದಿಲ್ರಿ ಅತ್ತಿ. ಬಿಟ್ಟೆ. ನೀವು ಮೊದಲ ಉಣ್ರಿ."

"ಬಿಡು ಅಂತ ನಾ ಎಲ್ಲಿ ಅಂದ್ನಿ? ವಾರೆಲ್ಲ ಬಸ್ಸಿನ್ಯಾಗ ಜೋತಾಡ್ತಿ, ಒಂದು ದಿವಸ ಗೆಳತ್ಯಾರ ಮನಿಗೆ ಹೋಗ್ತಿ, ಹೋಗು. ಆದ್ರ ಆ ಬಸಮ್ಮನ ಕಿವಿಗೆ ಬೀಳಬಾರ್ದು ನೋಡು. ಆಕಿ ಮುಂದ ನಾ ಹೇಳಿಕೊಂಡು ಅಡ್ಡಾಡೇನಿ."

ಚಿಗವ್ವ ತಾಟು ತಂದಳು. ಅಜ್ಜಿ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿ ಬಾಯಿಗಿಟ್ಟಾಗ ನಾವಿಬ್ಬರೂ ಉಸಿರು ಬಿಟ್ಟೆವು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಮ್ಮೆ ನಿಜ ಹೇಳಲು ಹತ್ತಿದವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಚಿಗವ್ವನ ಕಣ್ಣು ತುಂಬಿದ್ದವು.

"ನಿಮ್ಮ ಮುಂದ ಸುಳ್ಳು ಇಟ್ಕೊಳ್ಳೂದಿಲ್ರಿ ಅತ್ತಿ. ನಿಮ್ಮ ಕಾಲಿನ ಸಲುವಾಗಿ ನಾ ಏನೂ ನಡಕೊಂಡಿಲ್ಲ. ಒಂದು ದಿವಸನೂ ಇಲ್ರಿ. ಬರೇ ಬೀರಿನ ಲೆಕ್ಕಕ್ಕ ರೊಟ್ಟಿ ಬಿಟ್ಟದ್ದು."

ಇದೇ ನನ್ನ ವಾದವೂ ಆಗಿತ್ತು. ಸಾಕ್ಷಿಯೇ ಒಪ್ಪಿಕೊಂಡ ಮೇಲೆ ಇನ್ನೇನು ಉಳಿಯಿತು ಎಂದು ನಾನು ಏಳಲು ಹೊರಟಿದ್ದೆ. ಅಜ್ಜಿ ನಿಧಾನವಾಗಿ ಎರಡನೇ ತುತ್ತು ನುಂಗಿ, ನೀರು ಕುಡಿದು, ಚಂಬು ಕೆಳಗಿಟ್ಟಳು.

"ಡಾಕ್ಟ್ರು ನನ್ನ ಬೆರಳು ತಗೀಬೇಕಾಗಬೌದು ಅಂದ ಶನಿವಾರ ನೀ ಮುನಿರಾಬಾದಿಗೆ ಹೋಗಲಿಲ್ಲ. ವಿಮಲಾ ಎರಡು ಸಲ ಫೋನ್ ಮಾಡಿದ್ರೂ ಎತ್ತಲಿಲ್ಲ. ಮುಂಜಾನಿಂದ ಸಂಜೀತನಕ ನನ್ನ ಕಾಲ ಹತ್ರನ ಕುಂತಿದ್ದಿ. ಅವತ್ತ ಬಾಟ್ಲಿ ಇಲ್ಲ, ಬೀರಿಲ್ಲ. ಆದ್ರೂ ನಿನ್ನ ಎರಡು ರೊಟ್ಟಿ ಬುಟ್ಯಾಗ ಹಂಗ ಇದ್ವು. ಅವು ಯಾವ ಲೆಕ್ಕದ ರೊಟ್ಟಿ, ಗಿರಿಜಾ?"